ಜೋಡಿ ಆಟದ ಒಂಟಿ ಹಾದಿ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಜುಲೈ 30ರಂದು ಮಹಿಳೆಯರ ಡಬಲ್ಸ್ ಗುಂಪಿನ ಕೊನೆಯ ಪಂದ್ಯವನ್ನು ಸೋತ ಬಳಿಕ ಅಶ್ವಿನಿ ಪೊನ್ನಪ್ಪ, ಇದು ತಮ್ಮ ಕೊನೆಯ ಒಲಿಂಪಿಕ್ಸ್ ಎಂದು ಪ್ರಕಟಿಸಿದರು. ಆಗ ಅವರ ವಯಸ್ಸು 34. ತನಿಶಾ ಕ್ರಾಸ್ಟೊ ಅವರ ಜತೆಯಲ್ಲಿ ಆಡಿದ ಮೂರು ಪಂದ್ಯಗಳಲ್ಲಿಯೂ ಅವರಿಗೆ ಸೋಲಾಗಿತ್ತು. ಪದಕಗಳ ಎಣಿಕೆಯಲ್ಲಿ ಮುಳುಗಿದ್ದ ದೇಶಕ್ಕೆ ಅದು ದೊಡ್ಡ ಸುದ್ದಿಯಾಗಿ ಕಾಣಲಿಲ್ಲ.

ಆ ಮೂರು ಸೋಲುಗಳಲ್ಲಿ ಮೊದಲನೆಯದು ನಮ್ಮ ಕ್ರೀಡಾ ವ್ಯವಸ್ಥೆಯ ಬಗ್ಗೆ ಬಹಳಷ್ಟನ್ನು ಹೇಳುತ್ತದೆ. ಎದುರಾಳಿಗಳು ದಕ್ಷಿಣ ಕೊರಿಯಾದ ಕಿಮ್ ಸೊ-ಯೊಂಗ್ ಮತ್ತು ಕೊಂಗ್ ಹೀ-ಯೊಂಗ್. ಟೋಕಿಯೊ ಒಲಿಂಪಿಕ್ಸ್‌ನ ಕಂಚು ಹಾಗೂ 2023ರ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದಿದ್ದ ಜೋಡಿ ಅದು. ಮೊದಲ ಗೇಮ್ 18–21, ಎರಡನೆಯದು 10–21. ಕೈಚಳಕವೊಂದೇ ನಿರ್ಣಾಯಕವಾಗಿದ್ದಷ್ಟು ಹೊತ್ತು ಭಾರತದ ಜೋಡಿ ಸರಿಸಮನಾಗಿ ನಿಂತಿತು. ದೀರ್ಘಕಾಲದ ಒಡನಾಟ, ಪಂದ್ಯ ಸಾಗಿದಂತೆ ತಂತ್ರವನ್ನು ಬದಲಿಸಿಕೊಳ್ಳುವ ಸಿದ್ಧತೆ, ಅದರ ಹಿಂದಿನ ತರಬೇತಿ ಇವೆಲ್ಲ ಮುನ್ನೆಲೆಗೆ ಬಂದಾಗ ಅಂತರ ತೆರೆದುಕೊಂಡಿತು.

ಈ ಅಂತರವನ್ನು ಆಟಗಾರ್ತಿಯರ ವೈಯಕ್ತಿಕ ಕೊರತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಲಿಂಪಿಕ್ ದಾಖಲೆ ಬೇರೆಯದನ್ನೇ ಹೇಳುತ್ತದೆ. ಬ್ಯಾಡ್ಮಿಂಟನ್ ಪದಕದ ಸ್ಪರ್ಧೆಯಾಗಿ ಒಲಿಂಪಿಕ್ಸ್‌ಗೆ ಸೇರಿದ್ದು 1992ರ ಬಾರ್ಸಿಲೋನಾದಲ್ಲಿ. ಅಂದಿನಿಂದ ಪ್ಯಾರಿಸ್‌ವರೆಗೆ ದಕ್ಷಿಣ ಕೊರಿಯಾ ಗೆದ್ದಿರುವ ಚಿನ್ನದ ಪದಕಗಳು ಏಳು. ಅವುಗಳಲ್ಲಿ ಐದು ಡಬಲ್ಸ್ ವಿಭಾಗಗಳಲ್ಲಿ ಬಂದವು. ಇದೇ ಅವಧಿಯಲ್ಲಿ ಭಾರತ ಗೆದ್ದಿರುವುದು ಮೂರು ಪದಕ: 2012ರಲ್ಲಿ ಸೈನಾ ನೆಹ್ವಾಲ್ ಅವರ ಕಂಚು, 2016ರಲ್ಲಿ ಪಿ.ವಿ. ಸಿಂಧು ಅವರ ಬೆಳ್ಳಿ, ಟೋಕಿಯೊದಲ್ಲಿ ಮತ್ತೆ ಸಿಂಧು ಅವರ ಕಂಚು. ಮೂರೂ ಸಿಂಗಲ್ಸ್‌ನವು. ಒಂದು ದೇಶ ಜೋಡಿಗಳನ್ನು ರೂಪಿಸಿತು. ಇನ್ನೊಂದು ದೇಶ ಒಂಟಿ ಪ್ರತಿಭೆಗಳಿಗಾಗಿ ಕಾದು ಕುಳಿತಿತು. ಅಶ್ವಿನಿ ಅವರ ವೃತ್ತಿಜೀವನವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕಾಗಿದೆ.

ಮರೆತುಹೋದ ಮೊದಲುಗಳು

ಕೊಡವ ಕುಟುಂಬದಿಂದ ಬಂದು ಬೆಂಗಳೂರಿನಲ್ಲಿ ಜನಿಸಿದ ಅಶ್ವಿನಿ ಅವರ ಹೆಸರಿನಲ್ಲಿ ಹಲವು 'ಮೊದಲು'ಗಳಿವೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜ್ವಾಲಾ ಗುಟ್ಟಾ ಅವರೊಡನೆ ಅವರು ಮಹಿಳೆಯರ ಡಬಲ್ಸ್ ಚಿನ್ನ ಗೆದ್ದರು. ಈ ವಿಭಾಗದಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ಅದಕ್ಕೂ ಮುನ್ನ 1978ರ ಎಡ್ಮಂಟನ್ ಕೂಟದಲ್ಲಿ ಅಮಿ ಘಿಯಾ ಮತ್ತು ಕನ್ವಲ್ ಠಾಕರ್ ಸಿಂಗ್ ಕಂಚು ಗೆದ್ದಿದ್ದರು. ಕಂಚಿನಿಂದ ಚಿನ್ನಕ್ಕೆ ಸಾಗಲು ಮೂವತ್ತೆರಡು ವರ್ಷ ಹಿಡಿದವು.

ಮರುವರ್ಷ ಲಂಡನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಜೋಡಿ ಕಂಚು ಗೆದ್ದಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಅದು ಎರಡನೆಯ ಪದಕ; ಮೊದಲನೆಯದು 1983ರಲ್ಲಿ ಪ್ರಕಾಶ್ ಪಡುಕೋಣೆ ಅವರು ಗೆದ್ದ ಕಂಚು. ಎರಡರ ನಡುವೆ ಇಪ್ಪತ್ತೆಂಟು ವರ್ಷಗಳ ಬರ. ಆ ಎರಡೂ ಪದಕಗಳಲ್ಲಿ ಬೆಂಗಳೂರಿನವರ ಪಾಲಿತ್ತು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದಿತ್ತು. ಸೈನಾ ಮತ್ತು ಸಿಂಧು ವಿಶ್ವ ಚಾಂಪಿಯನ್‌ಷಿಪ್ ಪದಕಗಳನ್ನು ತರತೊಡಗಿದ್ದು ಅನಂತರ. ಹೀಗಿದ್ದೂ ಭಾರತೀಯ ಬ್ಯಾಡ್ಮಿಂಟನ್ನಿನ ಏಳಿಗೆಯ ಕಥನದಲ್ಲಿ 2011ರ ಆ ಕಂಚಿಗೆ ಅಡಿಟಿಪ್ಪಣಿಯ ಜಾಗ ಮಾತ್ರ ಸಿಕ್ಕಿದೆ.

2012ರಲ್ಲಿ ಅರ್ಜುನ ಪ್ರಶಸ್ತಿ, 2014ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ಕಂಚು ಮತ್ತು ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಬೆಳ್ಳಿ, 2014 ಮತ್ತು 2016ರಲ್ಲಿ ಊಬರ್ ಕಪ್ ಕಂಚು ಗೆದ್ದ ತಂಡಗಳಲ್ಲಿ ಸ್ಥಾನ, 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ ದೊರೆತವು. ಜ್ವಾಲಾ ಅವರೊಡನೆ ಆಡುವುದು ನಿಂತ ಮೇಲೆ ಎನ್. ಸಿಕ್ಕಿ ರೆಡ್ಡಿ ಜತೆಗಾರ್ತಿಯಾದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಅವರೊಡನೆ ಕಂಚು, ಮಿಶ್ರ ತಂಡದೊಂದಿಗೆ ಚಿನ್ನ ಬಂತು. ಕೊನೆಯ ಹಂತದಲ್ಲಿ ತಮಗಿಂತ ಹದಿಮೂರು ವರ್ಷ ಕಿರಿಯರಾದ ತನಿಶಾ ಅವರೊಡಗೂಡಿ 2023ರಲ್ಲಿ ಅಬುಧಾಬಿ ಮತ್ತು ಗುವಾಹಟಿಯ ಟೂರ್ನಿಗಳನ್ನು ಗೆದ್ದು, ಪ್ಯಾರಿಸ್‌ಗೆ ಅರ್ಹತೆ ಗಳಿಸಿದರು. ಮೂವರು ಜತೆಗಾರ್ತಿಯರೊಂದಿಗೆ ಸೊನ್ನೆಯಿಂದ ಆರಂಭಿಸಿ ಮೂರು ಬಾರಿ ಮೇಲೇರುವುದು ಸಾಮಾನ್ಯ ಸಾಧನೆಯಲ್ಲ.

ಇಲ್ಲಿ 'ಸೊನ್ನೆಯಿಂದ' ಎಂಬುದು ಅಲಂಕಾರದ ಮಾತಲ್ಲ. ಡಬಲ್ಸ್‌ನಲ್ಲಿ ವಿಶ್ವ ರ‍್ಯಾಂಕಿಂಗ್ ಇರುವುದು ಜೋಡಿಗೇ ಹೊರತು ವ್ಯಕ್ತಿಗಲ್ಲ. ಜತೆಗಾರರು ಬದಲಾದರೆ ಹಳೆಯ ಜೋಡಿಯ ಅಂಕಗಳು ಹೊಸ ಜೋಡಿಯ ಖಾತೆಗೆ ಬರುವುದಿಲ್ಲ. ಗಾಯ, ಮದುವೆ, ನೌಕರಿ, ಮನಸ್ತಾಪ ಇವುಗಳಲ್ಲಿ ಯಾವುದಾದರೂ ಒಂದು ಇಬ್ಬರಲ್ಲಿ ಒಬ್ಬರನ್ನು ತಟ್ಟಿದರೆ ಇನ್ನೊಬ್ಬರ ವರ್ಷಗಳ ಶ್ರಮವೂ ಕರಗುತ್ತದೆ. ಸಿಂಗಲ್ಸ್ ಆಟಗಾರ ತನ್ನ ದೇಹವನ್ನು ಕಾಪಾಡಿಕೊಂಡರೆ ಸಾಕು. ಡಬಲ್ಸ್ ಆಟಗಾರನ ಭವಿಷ್ಯ ಮತ್ತೊಬ್ಬರ ಮೊಣಕಾಲಿನ ಮೇಲೂ ನಿಂತಿರುತ್ತದೆ.

ಒಂದು ಅಂಕದ ನ್ಯಾಯ

ಅಶ್ವಿನಿ ಅವರ ಬದುಕಿನ ಅತ್ಯಂತ ಕಹಿ ಅಧ್ಯಾಯ 2012ರ ಲಂಡನ್ ಒಲಿಂಪಿಕ್ಸ್. ಅಲ್ಲಿಯೂ ಕೊರಿಯಾದ ಡಬಲ್ಸ್ ಆಟಗಾರ್ತಿಯರ ಹೆಸರು ಬರುತ್ತದೆ. ಭಾರತದ ಜೋಡಿ ಮೊದಲ ಪಂದ್ಯದಲ್ಲಿ ಜಪಾನಿನ ಫುಜಿ–ಕಾಕಿಇವಾ ಜೋಡಿಗೆ ಸೋತಿತು. ಆ ಕೂಟದ ಬೆಳ್ಳಿ ಗೆದ್ದದ್ದು ಆ ಜಪಾನಿ ಜೋಡಿಯೇ. ಬಳಿಕ ಚೀನಾ ತೈಪೆ ಮತ್ತು ಸಿಂಗಪುರದ ಜೋಡಿಗಳನ್ನು ಭಾರತ ಸೋಲಿಸಿತು. ಗುಂಪಿನಲ್ಲಿ ಮೂರು ಜೋಡಿಗಳು ಎರಡೆರಡು ಗೆಲುವು ಕಂಡಿದ್ದರಿಂದ ಅಂಕಗಳ ಲೆಕ್ಕ ತೆಗೆಯಬೇಕಾಯಿತು. ಒಂದೇ ಒಂದು ಅಂಕದ ಅಂತರದಲ್ಲಿ ಭಾರತ ಹೊರಬಿತ್ತು.

ಅದೇ ಕೂಟದಲ್ಲಿ ನಾಲ್ಕು ಜೋಡಿಗಳು ನಾಕೌಟ್ ಹಂತದಲ್ಲಿ ಅನುಕೂಲಕರ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಯತ್ನಿಸಿ ಅನರ್ಹಗೊಂಡವು. ಎರಡು ಜೋಡಿಗಳು ಕೊರಿಯಾದವು. ಚೀನಾ ಮತ್ತು ಇಂಡೊನೇಷ್ಯಾದ ಒಂದೊಂದು. ತೆರವಾದ ಸ್ಥಾನಗಳನ್ನು ಆಯಾ ಗುಂಪಿನ ಉಳಿದ ಜೋಡಿಗಳಿಗೆ ಕೊಡಲಾಯಿತು. ಗುಂಪಿನಲ್ಲಿ ಒಂದೂ ಪಂದ್ಯ ಗೆಲ್ಲದ ಜೋಡಿಗಳಿಗೂ ಕ್ವಾರ್ಟರ್‌ಫೈನಲ್ ಬಾಗಿಲು ತೆರೆಯಿತು. ಹೀಗೆ ಮೇಲೇರಿದ ರಷ್ಯಾದ ಜೋಡಿ ಕೊನೆಗೆ ಕಂಚನ್ನೂ ಪಡೆಯಿತು. ಬೇರೆ ಗುಂಪಿನಲ್ಲಿದ್ದು ಎರಡು ಪಂದ್ಯ ಗೆದ್ದಿದ್ದ ಭಾರತದ ಜೋಡಿ ಮಾತ್ರ ಮನೆಗೆ ಮರಳಿತು. ತನ್ನ ಗುಂಪಿನ ಇನ್ನೊಂದು ಪಂದ್ಯದ ಬಗ್ಗೆ ಭಾರತ ಸಲ್ಲಿಸಿದ ಆಕ್ಷೇಪ ತಿರಸ್ಕೃತವಾಯಿತು. ನಿಯಮದ ದೃಷ್ಟಿಯಿಂದ ಎಲ್ಲವೂ ಸರಿಯಿತ್ತು. ನ್ಯಾಯದ ದೃಷ್ಟಿಯಿಂದ ಸರಿಯಿತ್ತೆಂದು ಹೇಳುವುದು ಕಷ್ಟ.

ಅನರ್ಹಗೊಂಡವರ ಮುಂದಿನ ಕತೆ ಇನ್ನಷ್ಟು ಗಮನಾರ್ಹ. ಕೊರಿಯಾದ ಜಂಗ್ ಕ್ಯುಂಗ್-ಯೂನ್ ಅವರನ್ನು ಇಡೀ ಜಗತ್ತಿನ ಮುಂದೆ ಕೂಟದಿಂದ ಹೊರಹಾಕಲಾಗಿತ್ತು. ಅವರ ದೇಶದ ಸಂಸ್ಥೆಯೂ ಅಮಾನತಿನ ಶಿಕ್ಷೆ ನೀಡಿತು. ನಾಲ್ಕು ವರ್ಷಗಳ ನಂತರ ರಿಯೊದಲ್ಲಿ ಅವರು ಶಿನ್ ಸ್ಯೂಂಗ್-ಚಾನ್ ಜತೆಗೂಡಿ ಕಂಚು ಗೆದ್ದರು. ಪದಕದ ಪಂದ್ಯದಲ್ಲಿ ಎದುರಿದ್ದವರಲ್ಲಿ ಒಬ್ಬರು ಚೀನಾದ ಯು ಯಾಂಗ್. ಲಂಡನ್ನಿನ ಆ ಕುಖ್ಯಾತ ಪಂದ್ಯದಲ್ಲಿ ಜಂಗ್ ಅವರ ಎದುರಿಗೆ ನಿಂತಿದ್ದವರೂ ಅವರೇ. ಇಂಡೊನೇಷ್ಯಾದ ಗ್ರೇಸಿಯಾ ಪೊಲಿ ಟೋಕಿಯೊದಲ್ಲಿ ಚಿನ್ನವನ್ನೇ ಗೆದ್ದರು. ಆದರೆ ನ್ಯಾಯವಾಗಿ ಆಡಿ ಒಂದು ಅಂಕದಿಂದ ಸೋತ ಅಶ್ವಿನಿ–ಜ್ವಾಲಾ ಜೋಡಿಗೆ ರಿಯೊದಲ್ಲಿ ಮೂರೂ ಪಂದ್ಯಗಳಲ್ಲಿ ಸೋಲು ಕಾದಿತ್ತು.

ತಪ್ಪು ಮಾಡಿದವರು ಮೇಲೆದ್ದರು, ಮಾಡದವರು ಕುಸಿದರು ಎಂದು ಇದನ್ನು ವಿಧಿಯ ಆಟವೆಂದು ಬಣ್ಣಿಸುವುದರಿಂದ ಪ್ರಯೋಜನವಿಲ್ಲ. ಬಿದ್ದವರನ್ನು ಮತ್ತೆ ನಿಲ್ಲಿಸಬಲ್ಲ ತರಬೇತುದಾರರು, ಹೊಸ ಜತೆಗಾರರು ಮತ್ತು ಸಂಬಳ ಕೊಡುವ ತಂಡ ಅಲ್ಲಿದ್ದವು. ಇಲ್ಲಿ ಆ ನಾಲ್ಕು ವರ್ಷಗಳಲ್ಲಿ ಏನಾಯಿತು?

ಅರ್ಧ ಬೆಲೆಯ ಆಟಗಾರರು

2013ರಲ್ಲಿ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ಆರಂಭವಾದಾಗ ಅಶ್ವಿನಿ ಮತ್ತು ಜ್ವಾಲಾ ಇಬ್ಬರನ್ನೂ 'ಐಕಾನ್' ಆಟಗಾರ್ತಿಯರೆಂದು ಘೋಷಿಸಲಾಗಿತ್ತು. ಮೂಲಬೆಲೆ 50 ಸಾವಿರ ಡಾಲರ್. ಹರಾಜಿನ ಹೊತ್ತಿಗೆ ಅದು ಅರ್ಧಕ್ಕೆ, ಅಂದರೆ 25 ಸಾವಿರ ಡಾಲರಿಗೆ ಇಳಿಯಿತು. ಲೀಗ್‌ನಿಂದ ಮಹಿಳೆಯರ ಡಬಲ್ಸ್ ವಿಭಾಗವನ್ನೇ ಕೈಬಿಟ್ಟಿದ್ದು ಇದಕ್ಕೆ ಕಾರಣವಾಗಿತ್ತು. ದೇಶಕ್ಕೆ ವಿಶ್ವ ಚಾಂಪಿಯನ್‌ಷಿಪ್ ಪದಕ ತಂದ ವಿಭಾಗ ದೇಶದ ಸ್ವಂತ ಲೀಗಿನಲ್ಲಿ ಇಲ್ಲವಾಯಿತು. ಇಬ್ಬರೂ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು.

ಇದು ಭಾರತಕ್ಕೆ ಸೀಮಿತವಾದ ಧೋರಣೆಯೂ ಅಲ್ಲ. ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆಯ ಹಲವು ಟೂರ್ನಿಗಳಲ್ಲಿ ಒಟ್ಟು ಬಹುಮಾನದ ಶೇ 7.5ರಷ್ಟು ಸಿಂಗಲ್ಸ್ ವಿಜೇತರಿಗೂ ಶೇ 7.9ರಷ್ಟು ಡಬಲ್ಸ್ ವಿಜೇತ ಜೋಡಿಗೂ ಹೋಗುವ ಪದ್ಧತಿಯಿದೆ. ಜೋಡಿಯ ಹಣ ಇಬ್ಬರ ನಡುವೆ ಹಂಚಿಹೋಗಬೇಕು. ಬಹುಮಾನದ ಒಟ್ಟು ಮೊತ್ತ ಒಂದು ಕೋಟಿ ರೂಪಾಯಿ ಎಂದಿಟ್ಟುಕೊಂಡರೆ, ಸಿಂಗಲ್ಸ್ ವಿಜೇತೆಗೆ ಏಳೂವರೆ ಲಕ್ಷ. ಡಬಲ್ಸ್ ವಿಜೇತೆಗೆ ನಾಲ್ಕು ಲಕ್ಷಕ್ಕೂ ತುಸು ಕಡಿಮೆ. ವಿಮಾನದ ಟಿಕೆಟ್, ಹೋಟೆಲ್, ತರಬೇತುದಾರರ ಶುಲ್ಕ ಮಾತ್ರ ಯಾರಿಗೂ ಅರ್ಧವಾಗುವುದಿಲ್ಲ. ಪ್ರಾಯೋಜಕರ ಲೆಕ್ಕಾಚಾರವೂ ಹೀಗೆಯೇ: ಜಾಹೀರಾತಿಗೆ ಒಂದು ಮುಖ ಬೇಕು, ಎರಡಲ್ಲ. ಇಂತಹ ಆಟ ಮಾರುಕಟ್ಟೆಯ ಬಲದಿಂದ ಬದುಕಲಾರದು. ಯಾರಾದರೂ ಹೊಣೆ ಹೊರಬೇಕು.

ಹೊಣೆ ಯಾರದೆಂಬ ಪ್ರಶ್ನೆ ಪ್ಯಾರಿಸ್ ನಂತರ ಕಟುವಾಗಿಯೇ ಎದ್ದಿತು. ಒಲಿಂಪಿಕ್ಸ್ ಸಿದ್ಧತೆಗೆ ಸರ್ಕಾರ ಮಾಡಿದ ವೆಚ್ಚದ ವಿವರ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಅಶ್ವಿನಿ ಅವರ ಹೆಸರಿನ ಮುಂದೆ ಸುಮಾರು ಒಂದೂವರೆ ಕೋಟಿ ರೂಪಾಯಿ ಇತ್ತು. ತಮಗೆ ಅಂಥ ಮೊತ್ತ ತಲುಪಿಯೇ ಇಲ್ಲವೆಂದೂ, ತಾವು ಕೇಳಿದ ತರಬೇತುದಾರರನ್ನು ಕೊಡಲಿಲ್ಲವೆಂದೂ, 2023ರ ನವೆಂಬರ್‌ವರೆಗೆ ಸ್ವಂತ ಖರ್ಚಿನಲ್ಲಿ ಆಡಿದ್ದಾಗಿಯೂ ಅವರು ಬಹಿರಂಗವಾಗಿ ಹೇಳಿದರು. ಶಿಬಿರ, ಪ್ರವಾಸ, ಟೂರ್ನಿಗಳ ಒಟ್ಟು ವೆಚ್ಚವನ್ನು ತಲಾವಾರು ಹಂಚಿ ಬರೆದರೆ ಕಡತದ ಅಂಕಿಗೂ ಆಟಗಾರ್ತಿಯ ಅನುಭವಕ್ಕೂ ಇಂಥ ಕಂದರ ಏರ್ಪಡುವುದು ಸಾಧ್ಯ. ಸರ್ಕಾರದ ಲೆಕ್ಕ ಸುಳ್ಳೆಂದಾಗಲಿ, ಆಟಗಾರ್ತಿಯ ದೂರು ಹುಸಿಯೆಂದಾಗಲಿ ತೀರ್ಪು ಕೊಡಬೇಕಾಗಿಲ್ಲ. ಹಣ ಖರ್ಚಾಯಿತು, ಆದರೆ ಒಂದು ಜೋಡಿಗೆ ಅಗತ್ಯವಾದದ್ದು ಅಗತ್ಯವಾದ ಹೊತ್ತಿಗೆ ಸಿಗಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಅದೇ ದಿನಗಳಲ್ಲಿ ಪ್ರಕಾಶ್ ಪಡುಕೋಣೆ ಅವರು, ಸೌಲಭ್ಯಗಳನ್ನು ಪಡೆದ ಆಟಗಾರರು ಫಲಿತಾಂಶದ ಹೊಣೆಯನ್ನೂ ಹೊರಬೇಕೆಂದು ಹೇಳಿದರು. ಸೋತಾಗ ಆಟಗಾರರನ್ನಷ್ಟೇ ದೂರುವುದು ಸರಿಯಲ್ಲ ಎಂದು ಅಶ್ವಿನಿ ಪ್ರತಿಕ್ರಿಯಿಸಿದರು. ಒಂದೇ ನಗರದ ಇಬ್ಬರು ವಿಶ್ವ ಪದಕ ವಿಜೇತರ ನಡುವಿನ ಈ ಭಿನ್ನಾಭಿಪ್ರಾಯವನ್ನು ತಲೆಮಾರುಗಳ ಜಗಳವೆಂದು ಕಾಣಬೇಕಾಗಿಲ್ಲ. ಸೌಲಭ್ಯಗಳಿಲ್ಲದ ಕಾಲದಲ್ಲಿ, ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಮಂಟಪದಲ್ಲಿ ಆಟ ಕಲಿತು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರಿಗೆ ವೈಯಕ್ತಿಕ ಛಲದಲ್ಲಿ ನಂಬಿಕೆಯಿರುವುದು ಸಹಜ. ಆದರೆ ಆ ಛಲ ಸಿಂಗಲ್ಸ್‌ನ ಬಂಡವಾಳ. ಡಬಲ್ಸ್‌ಗೆ ಅದೊಂದೇ ಸಾಲದು.

ಜೋಡಿ ರೂಪುಗೊಳ್ಳುವ ಬಗೆ

ಸಾಲದೇಕೆ ಎಂಬುದಕ್ಕೆ ಆಟದ ರಚನೆಯಲ್ಲೇ ಉತ್ತರವಿದೆ. ಸಿಂಗಲ್ಸ್ ಅಂಕಣದ ಅಗಲ 17 ಅಡಿ, ಡಬಲ್ಸ್‌ನದು 20. ಮೂರೇ ಅಡಿ ಹೆಚ್ಚು, ಆದರೆ ಆಟಗಾರರು ಇಮ್ಮಡಿ. ಹೀಗಾಗಿ ಖಾಲಿ ಜಾಗ ಹುಡುಕುವ ಆಟ ಸಿಂಗಲ್ಸ್. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂತಿರುಗುವ ಷಟಲ್‌ಗೆ ಸ್ಪಂದಿಸುವ ಆಟ ಡಬಲ್ಸ್. ದಾಳಿಗೆ ಹಿಂದೆ–ಮುಂದೆ, ರಕ್ಷಣೆಗೆ ಅಕ್ಕಪಕ್ಕ. ಈ ಎರಡು ವಿನ್ಯಾಸಗಳ ನಡುವೆ ಇಬ್ಬರೂ ಮಾತಿಲ್ಲದೆ ಸ್ಥಾನ ಬದಲಿಸಬೇಕು. ನಡುವೆ ಬಂದ ಷಟಲ್ ಯಾರದೆಂದು ಯೋಚಿಸಿದರೆ ಅಂಕ ಹೋಯಿತು. ಸರ್ವ್ ಮತ್ತು ಅದರ ನಂತರದ ಎರಡು ಹೊಡೆತಗಳಲ್ಲೇ ಅನೇಕ ರ‍್ಯಾಲಿಗಳ ಹಣೆಬರಹ ನಿರ್ಧಾರವಾಗುತ್ತದೆ. ಇವೆಲ್ಲ ಸಾವಿರಾರು ಗಂಟೆಗಳ ಜಂಟಿ ಅಭ್ಯಾಸದಿಂದ ಮಾತ್ರ ಮೈಗೂಡುವಂಥವು. ಅಷ್ಟು ಕಾಲ ಇಬ್ಬರನ್ನು ಒಂದೆಡೆ ಇರಿಸಿ, ಊಟ–ವಸತಿ–ಸಂಬಳ ಕೊಟ್ಟು, ಸಮರ್ಥ ತರಬೇತುದಾರರನ್ನು ಒದಗಿಸುವವರು ಬೇಕು.

ಕೊರಿಯಾದಲ್ಲಿ ಆ ಕೆಲಸವನ್ನು ಮಾಡುವುದು ಉದ್ಯೋಗದಾತ ತಂಡಗಳು. ಕಂಪನಿಗಳು, ಬ್ಯಾಂಕುಗಳು, ಸಾರ್ವಜನಿಕ ಸಂಸ್ಥೆಗಳು ಮಾತ್ರವಲ್ಲ, ನಗರಾಡಳಿತಗಳು ಕೂಡ ಬ್ಯಾಡ್ಮಿಂಟನ್ ತಂಡಗಳನ್ನು ಸಾಕುತ್ತವೆ. ಪ್ಯಾರಿಸ್‌ನಲ್ಲಿ ಅಶ್ವಿನಿ ಅವರ ಎದುರಾಳಿಗಳಾಗಿದ್ದ ಕಿಮ್ ಸೊ-ಯೊಂಗ್ ಇಂಚಿಯೋನ್ ವಿಮಾನ ನಿಲ್ದಾಣದ ತಂಡದವರು, ಕೊಂಗ್ ಹೀ-ಯೊಂಗ್ ಜಿಯೊನ್‌ಬುಕ್ ಬ್ಯಾಂಕಿನವರು. ಶಾಲೆ ಮುಗಿಸಿದ ಹುಡುಗಿಗೆ ಸಂಬಳ, ವಸತಿ, ಅಂಕಣ ಮತ್ತು ತರಬೇತುದಾರ ಒಟ್ಟಿಗೆ ದೊರೆಯುತ್ತಾರೆ. ರಾಷ್ಟ್ರೀಯ ತಂಡ ಅವರಲ್ಲಿ ಹೊಂದುವ ಇಬ್ಬರನ್ನು ಆರಿಸಿ ಜೋಡಿ ಮಾಡುತ್ತದೆ.

ಈ ವ್ಯವಸ್ಥೆ ತನ್ನ ಫಲವನ್ನು ತಾನೇ ಬಿತ್ತನೆಗೂ ಬಳಸುತ್ತದೆ. 1992ರಲ್ಲಿ ಕಿಮ್ ಮೂನ್-ಸೂ ಜತೆ ಪುರುಷರ ಡಬಲ್ಸ್ ಚಿನ್ನ ಗೆದ್ದ ಪಾರ್ಕ್ ಜೂ-ಬೊಂಗ್ 2004ರಿಂದ ಜಪಾನಿನ ತರಬೇತುದಾರರಾದರು. ಒಲಿಂಪಿಕ್ಸ್ ಬ್ಯಾಡ್ಮಿಂಟನ್ನಿನಲ್ಲಿ ಜಪಾನಿಗೆ ಮೊದಲ ಚಿನ್ನ ಬಂದದ್ದು ಅವರ ಕಾಲದಲ್ಲಿ, ರಿಯೊದ ಮಹಿಳೆಯರ ಡಬಲ್ಸ್‌ನಲ್ಲಿ. 2025ರಲ್ಲಿ ಅವರು ಸ್ವದೇಶದ ತಂಡದ ಹೊಣೆ ಹೊತ್ತರು. 1996ರಲ್ಲಿ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಗಿಲ್ ಯಂಗ್-ಆ ಅವರ ಮಗ ಕಿಮ್ ವೊನ್-ಹೊ ಪ್ಯಾರಿಸ್‌ನಲ್ಲಿ ಅದೇ ವಿಭಾಗದ ಬೆಳ್ಳಿ ಗೆದ್ದು, 2025ರಲ್ಲಿ ಸಿಯೊ ಸ್ಯೂಂಗ್-ಜೇ ಜತೆ ಪುರುಷರ ಡಬಲ್ಸ್ ವಿಶ್ವ ಚಾಂಪಿಯನ್ ಆದರು. ಒಂದು ತಲೆಮಾರಿನ ಅನುಭವ ಮುಂದಿನದಕ್ಕೆ ಇಳಿಯುವುದು ಹೀಗೆ.

ಗಿಮ್ಚಿಯೊನ್ ಮತ್ತು ಕಾಗದನಗರ

ಕೊರಿಯಾದ ಒಳನಾಡಿನಲ್ಲಿ ಗಿಮ್ಚಿಯೊನ್ ಎಂಬ ಚಿಕ್ಕ ನಗರವಿದೆ. ಜನಸಂಖ್ಯೆ ಹತ್ತಿರ ಹತ್ತಿರ ಒಂದೂವರೆ ಲಕ್ಷ. ಅಲ್ಲಿನ ನಗರಾಡಳಿತ ತನ್ನದೇ ಬ್ಯಾಡ್ಮಿಂಟನ್ ತಂಡವನ್ನು ನಡೆಸುತ್ತದೆ. 2014ರಲ್ಲಿ ಪುರುಷರ ಡಬಲ್ಸ್ ವಿಶ್ವ ಚಾಂಪಿಯನ್ ಆದ ಕೊ ಸುಂಗ್-ಹ್ಯುನ್ ಮತ್ತು ಶಿನ್ ಬೇಕ್-ಚಿಯೊಲ್ ಆ ತಂಡದವರು. ಅದೇ ವರ್ಷ ಅಲ್ಲಿನ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆಯಿತು. ಅಶ್ವಿನಿ ಮತ್ತು ಜ್ವಾಲಾ ಕಂಚು ಗೆದ್ದದ್ದು ಆ ಊರಿನಲ್ಲಿಯೇ.

ಅಷ್ಟೇ ದೊಡ್ಡ ಊರೊಂದು ನಮ್ಮಲ್ಲಿಯೂ ಇದೆ. 2011ರ ಜನಗಣತಿಯಂತೆ ಭದ್ರಾವತಿಯ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಅಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದದ್ದೇ ಕಾಗದನಗರ. 1977ರಲ್ಲಿ ಸರ್ಕಾರಿ ಕಂಪನಿಯಾದ ಆ ಕಾರ್ಖಾನೆ ಮುಂದೆ ಪತ್ರಿಕಾ ಕಾಗದವನ್ನೂ ತಯಾರಿಸಿತು. ಕ್ರೀಡಾ ಸುದ್ದಿ ಅಚ್ಚಾಗುವ ಕಾಗದ ಹೊರಬರುತ್ತಿದ್ದ ಊರು ಅದು.

ಇಂಥ ಕಾರ್ಖಾನೆ ಪಟ್ಟಣಗಳಿಗೆ ತಮ್ಮದೇ ಆದ ಜೀವನಕ್ರಮವಿತ್ತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಕ್ಲಬ್ಬು, ಮೈದಾನ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಪಾಳಿ ಮುಗಿಸಿದವರು ಸಂಜೆ ಆಡುವಾಗ ಅಂಕಣ ಒಂದು, ಕಾಯುವವರು ಹತ್ತು ಮಂದಿ; ಹಾಗಾಗಿ ಆಟ ಸಹಜವಾಗಿಯೇ ಡಬಲ್ಸ್ ಆಗಿರುತ್ತಿತ್ತು. ಉಣ್ಣೆಯ ಚೆಂಡಿನಿಂದ ಒಂದೊಂದು ಕಡೆ ಐವರು ಆಡುವ ಬಾಲ್ ಬ್ಯಾಡ್ಮಿಂಟನ್ ಕೂಡ ಕರ್ನಾಟಕದ ಊರುಗಳಲ್ಲಿ ಜನಪ್ರಿಯವಾಗಿತ್ತು. ಜತೆಗೂಡಿ ಆಡುವ ಸಂಸ್ಕೃತಿ ನಮಗೆ ಹೊಸದಲ್ಲ. ಆಟಗಾರನಿಗೆ ನೌಕರಿ ಕೊಟ್ಟು ಆಡಲು ಬಿಡುವ ಪದ್ಧತಿಯೂ ಹೊಸದಲ್ಲ. ಭದ್ರಾವತಿಯಲ್ಲಿ ಜನಿಸಿದ ಜಿ.ಆರ್. ವಿಶ್ವನಾಥ್ ಅವರಿಗೆ ಸ್ಟೇಟ್ ಬ್ಯಾಂಕಿನ ನೌಕರಿಯಿತ್ತು. ಪ್ರಕಾಶ್ ಪಡುಕೋಣೆ ಅವರೂ ಬ್ಯಾಂಕ್ ಉದ್ಯೋಗಿಯಾಗಿದ್ದರು. ಗಿಮ್ಚಿಯೊನ್ ಇಂದಿಗೂ ಮಾಡುತ್ತಿರುವುದರ ತಿರುಳು ಇಲ್ಲಿಯೂ ಇತ್ತು.

ಆ ನೆಲ ಕ್ರಮೇಣ ಕುಸಿಯಿತು. ನಷ್ಟದ ಸುಳಿಗೆ ಸಿಕ್ಕ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಪ್ರಕಟವಾಯಿತು. ಹೋರಾಟದ ನಂತರ ಅದೇ ವರ್ಷ ಭಾಗಶಃ ಉತ್ಪಾದನೆ ಮತ್ತೆ ಆರಂಭವಾಯಿತು. ಕಾರ್ಖಾನೆ ನಿಂತಾಗ ನೌಕರಿಗಳ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ, ಹಾಕಲೂಬೇಕು. ಆದರೆ ಕ್ಲಬ್ಬಿನ ದೀಪ ಆರಿದಾಗ, ಆಟವಾಡುತ್ತಿದ್ದ ಕುಟುಂಬಗಳು ಬೆಂಗಳೂರಿಗೆ ಹೊರಟಾಗ ಆಗುವ ನಷ್ಟ ಯಾವ ಲೆಕ್ಕಪತ್ರದಲ್ಲಿಯೂ ಬರುವುದಿಲ್ಲ. ಆಟದ ಅವಕಾಶ ಈಗ ಕೆಲವೇ ಮಹಾನಗರಗಳ ಅಕಾಡೆಮಿಗಳಲ್ಲಿ, ಶುಲ್ಕ ತೆರಬಲ್ಲವರ ಕೈಯಲ್ಲಿ ಕೇಂದ್ರೀಕೃತವಾಗಿದೆ. ಮಗಳ ತರಬೇತಿಗೆ ಲಕ್ಷಗಟ್ಟಲೆ ಸುರಿಯುವ ತಂದೆತಾಯಿ ಅವಳು ತಾರೆಯಾಗಲೆಂದು ಬಯಸುತ್ತಾರೆ. ಇನ್ನೊಬ್ಬರ ಮಗಳೊಂದಿಗೆ ಯಶಸ್ಸನ್ನು ಹಂಚಿಕೊಳ್ಳುವ ವಿಭಾಗಕ್ಕೆ ಆ ಹಣ ಹೂಡಲು ಹಿಂಜರಿಯುತ್ತಾರೆ. ಅವರನ್ನು ದೂರಲಾಗದು.

ಎರಡು ಆಕ್ಷೇಪಗಳು

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಮತ್ತು ಚಿರಾಗ್ ಶೆಟ್ಟಿ ಜೋಡಿಯದು. 2022ರಲ್ಲಿ ಥಾಮಸ್ ಕಪ್ ಗೆದ್ದ ತಂಡದಲ್ಲಿ ಅವರಿದ್ದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಕೊರಿಯಾದ ಜೋಡಿಯನ್ನೇ ಸೋಲಿಸಿ ಗೆದ್ದು, ವಿಶ್ವದ ಒಂದನೇ ರ‍್ಯಾಂಕಿಗೂ ಏರಿದರು. ಹಾಗಾದರೆ ನಮ್ಮ ವ್ಯವಸ್ಥೆ ಡಬಲ್ಸ್ ಆಟಗಾರರನ್ನು ರೂಪಿಸಲಾರದೆನ್ನುವುದು ಹೇಗೆ?

ಈ ಉದಾಹರಣೆ ವಾದವನ್ನು ಅಲ್ಲಗಳೆಯುವುದಿಲ್ಲ, ಪುಷ್ಟೀಕರಿಸುತ್ತದೆ. ಆಂಧ್ರದ ಅಮಲಾಪುರಂನ ಹುಡುಗನನ್ನೂ ಮುಂಬೈನ ಹುಡುಗನನ್ನೂ ಜೋಡಿ ಮಾಡಿದವರು 2015ರಲ್ಲಿ ಭಾರತಕ್ಕೆ ಬಂದ ಮಲೇಷ್ಯಾದ ತರಬೇತುದಾರ ಟಾನ್ ಕಿಮ್ ಹರ್. ಇಬ್ಬರೂ ಹಿಂಬದಿಯಿಂದ ಸ್ಮ್ಯಾಷ್ ಹೊಡೆಯುವವರಾಗಿದ್ದರಿಂದ ಈ ಜೋಡಿ ಹೊಂದುವುದೆಂಬ ನಂಬಿಕೆ ಆರಂಭದಲ್ಲಿ ಅವರಿಗೇ ಇರಲಿಲ್ಲ. ಬಳಿಕ ಡೆನ್ಮಾರ್ಕಿನ ಮಥಿಯಾಸ್ ಬೋ ಅವರನ್ನು ತಿದ್ದಿದರು. ಡಬಲ್ಸ್ ಬಲ್ಲ ತರಬೇತುದಾರ ಸರಿಯಾದ ವಯಸ್ಸಿನಲ್ಲಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಟಾನ್ ಅವಧಿಗೆ ಮುನ್ನವೇ, 2019ರಲ್ಲಿ, ಭಾರತ ತೊರೆದರು ಎಂಬುದು ಅದರ ಇನ್ನೊಂದು ಮುಖ. ಅಶ್ವಿನಿ ಅವರ ಉತ್ತಮ ವರ್ಷಗಳು ಈ ತಿಳಿವಳಿಕೆ ನಮ್ಮಲ್ಲಿ ಮೂಡುವ ಮುನ್ನವೇ ಕಳೆದುಹೋಗಿದ್ದವು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕೊರಿಯಾದ ವ್ಯವಸ್ಥೆಯೇನು ಸ್ವರ್ಗವೇ? ಪ್ಯಾರಿಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಆನ್ ಸೆ-ಯಂಗ್ ಗೆದ್ದ ದಿನವೇ ತಮ್ಮ ದೇಶದ ಸಂಸ್ಥೆಯ ವಿರುದ್ಧ ಬಹಿರಂಗವಾಗಿ ದನಿಯೆತ್ತಿದರು. ಗಾಯದ ನಿರ್ವಹಣೆ ಸರಿಯಿಲ್ಲ, ಹಿರಿಯ–ಕಿರಿಯರೆಂಬ ಕಟ್ಟಳೆ ಉಸಿರುಗಟ್ಟಿಸುತ್ತದೆ ಎಂಬ ದೂರುಗಳ ಜತೆಗೆ ಇನ್ನೊಂದು ದೂರೂ ಇತ್ತು: ಫಲಿತಾಂಶ ತರುವವರೆಂಬ ಕಾರಣಕ್ಕೆ ತರಬೇತಿಯಲ್ಲಿಯೂ ಚಿಕಿತ್ಸೆಯಲ್ಲಿಯೂ ಡಬಲ್ಸ್ ಆಟಗಾರರಿಗೇ ಆದ್ಯತೆ. ನಮ್ಮ ಡಬಲ್ಸ್ ಆಟಗಾರ್ತಿಯರು ವರ್ಷಗಟ್ಟಲೆ ಹೇಳಿಕೊಂಡು ಬಂದ ಸಂಕಟವನ್ನು ಕನ್ನಡಿಯಲ್ಲಿ ತಿರುಗಿಸಿದಂತಿದೆ ಇದು. ಸರ್ಕಾರ ತನಿಖೆ ನಡೆಸಿತು. 2025ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ಹಳೆಯ ಅಧ್ಯಕ್ಷರು ಸೋತು, ಎರಡು ಒಲಿಂಪಿಕ್ ಡಬಲ್ಸ್ ಚಿನ್ನ ಗೆದ್ದಿದ್ದ ಕಿಮ್ ಡಾಂಗ್-ಮೂನ್ ಆ ಸ್ಥಾನಕ್ಕೆ ಬಂದರು.

ಆದ್ದರಿಂದ ಕೊರಿಯಾವನ್ನು ಯಥಾವತ್ತಾಗಿ ಅನುಕರಿಸುವ ಅಗತ್ಯವಿಲ್ಲ. ಅಲ್ಲಿನ ಶಿಸ್ತಿನ ಕಾಠಿಣ್ಯ ನಮಗೆ ಬೇಡ. ಆಟಗಾರರು ದೂರಿದಾಗ ಸಂಸ್ಥೆ ಅಲುಗಾಡಿತು, ಅಂಕಣದಲ್ಲಿ ಆಡಿ ಬಂದವರು ಆಡಳಿತದ ಚುಕ್ಕಾಣಿ ಹಿಡಿದರು ಎಂಬುದನ್ನು ಮಾತ್ರ ಗಮನಿಸಬೇಕು. ಅಶ್ವಿನಿ ಮತ್ತು ಜ್ವಾಲಾ ಅವರ ದೂರುಗಳಿಗೆ ನಮ್ಮಲ್ಲಿ ಸಿಕ್ಕ ಉತ್ತರ ಬಹುಪಾಲು ಮೌನ, ಇಲ್ಲವೇ 'ಜಗಳಗಂಟಿಯರು' ಎಂಬ ಪಿಸುಮಾತು.

ಮಾಡಬಹುದಾದದ್ದು

ಕರ್ನಾಟಕ ಈ ವಿಷಯದಲ್ಲಿ ಕೇಂದ್ರದತ್ತ ನೋಡುತ್ತ ಕೂರಬೇಕಾಗಿಲ್ಲ. ಬೇಕಾಗಿರುವುದು ಮೂರು ಸಂಗತಿಗಳು. ಮೂರೂ ರಾಜ್ಯದ ಶಕ್ತಿಗೆ ಮೀರಿದವಲ್ಲ. ರಾಜ್ಯದ ಸಾರ್ವಜನಿಕ ಉದ್ದಿಮೆಗಳು ಮತ್ತು ದೊಡ್ಡ ನಗರಪಾಲಿಕೆಗಳು ತಲಾ ಎರಡು ಜೋಡಿಗಳನ್ನಾದರೂ ಪೂರ್ಣ ಸಂಬಳದ ಮೇಲೆ ನೇಮಿಸಿಕೊಳ್ಳುವುದು ಮೊದಲನೆಯದು. ಪದಕ ಗೆದ್ದ ಮೇಲೆ ಕೊಡುವ ನಿವೇಶನ, ನಗದು ಬಹುಮಾನಗಳಿಂದ ಆಟಗಾರರು ಹುಟ್ಟುವುದಿಲ್ಲ. ಗೆಲ್ಲುವ ಮುನ್ನಿನ ಎಂಟು ವರ್ಷ ಅನ್ನದ ಚಿಂತೆಯಿಲ್ಲದೆ ಆಡುವ ಅವಕಾಶದಿಂದ ಹುಟ್ಟುತ್ತಾರೆ. ಡಬಲ್ಸ್‌ಗೆಂದೇ ತರಬೇತುದಾರರನ್ನು, ಅವರೊಡನೆ ಕಲಿಯುವ ಸ್ಥಳೀಯ ಸಹಾಯಕರನ್ನು ದೀರ್ಘಾವಧಿಗೆ ನೇಮಿಸುವುದು ಎರಡನೆಯದು. ಶಿವಮೊಗ್ಗ–ಭದ್ರಾವತಿ, ದಾವಣಗೆರೆ, ಹುಬ್ಬಳ್ಳಿಯಂಥ ಊರುಗಳಲ್ಲಿ ಅಂಕಣಗಳನ್ನು ಕಟ್ಟುವುದರ ಜತೆಗೆ ಅವುಗಳನ್ನು ದಿನವೂ ತೆರೆದಿಡುವ, ಶುಲ್ಕವನ್ನು ಕೈಗೆಟುಕುವಷ್ಟರಲ್ಲಿ ಇಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸುವುದು ಮೂರನೆಯದು. ಬೀಗ ಹಾಕಿದ ಒಳಾಂಗಣ ಕ್ರೀಡಾಂಗಣ ಯಾವ ಪ್ರತಿಭೆಯನ್ನೂ ಬೆಳೆಸದು.

ಖಜಾನೆ ಬರಿದಾಗಿರುವಾಗ ಇದೆಲ್ಲ ವಿಲಾಸವಲ್ಲವೇ ಎಂದು ಕೇಳುವವರಿದ್ದಾರೆ. ಕಾರ್ಖಾನೆಗಳಿಗೆ ಮರುಜೀವ ಕೊಡಲಾಗದ ಸರ್ಕಾರ ಷಟಲ್ ಆಟಗಾರರಿಗೆ ಸಂಬಳ ಕೊಡಬೇಕೆ ಎಂಬ ಪ್ರಶ್ನೆ ಕಾಗದನಗರದ ನಿರುದ್ಯೋಗಿಯ ಬಾಯಲ್ಲಿ ಬಂದರೆ ಅದಕ್ಕೆ ಗೌರವ ಕೊಡಲೇಬೇಕು. ಆದರೆ ಗೆದ್ದ ಮೇಲೆ ಒಬ್ಬರಿಗೆ ಕೋಟಿಗಟ್ಟಲೆ ಘೋಷಿಸುವ ಸರ್ಕಾರಗಳು ಅದೇ ಹಣದಲ್ಲಿ ಹತ್ತಾರು ಆಟಗಾರರಿಗೆ ವರ್ಷಗಟ್ಟಲೆ ಸಂಬಳ ಕೊಡಬಹುದು. ಅದು ವೆಚ್ಚವನ್ನು ಹೆಚ್ಚಿಸುವ ಪ್ರಸ್ತಾಪವಲ್ಲ, ವೆಚ್ಚದ ಕ್ರಮವನ್ನು ಬದಲಿಸುವ ಪ್ರಸ್ತಾಪ.

ಎಲ್ಲಕ್ಕಿಂತ ಮಿಗಿಲಾಗಿ ಅಶ್ವಿನಿ ಅವರಂಥವರ ಅನುಭವ ವ್ಯರ್ಥವಾಗಬಾರದು. ಮೂರು ಒಲಿಂಪಿಕ್ಸ್, ಮೂವರು ಜತೆಗಾರ್ತಿಯರು, ಎರಡು ದಶಕಗಳಿಗೆ ಹತ್ತಿರದ ಅಂತರರಾಷ್ಟ್ರೀಯ ಆಟ; ಜೋಡಿಯೊಂದು ಹೇಗೆ ಹೊಂದುತ್ತದೆ, ಏಕೆ ಮುರಿಯುತ್ತದೆ, ಎಲ್ಲಿ ಕೈಹಿಡಿಯುವವರು ಬೇಕು ಎಂಬುದನ್ನು ಅವರಷ್ಟು ಬಲ್ಲವರು ಈ ದೇಶದಲ್ಲಿ ವಿರಳ. ಕೊರಿಯಾ ತನ್ನ ಡಬಲ್ಸ್ ಚಾಂಪಿಯನ್ನನ್ನು ಸಂಸ್ಥೆಯ ಅಧ್ಯಕ್ಷರನ್ನಾಗಿಸಿತು, ಮತ್ತೊಬ್ಬರನ್ನು ತಂಡದ ತರಬೇತುದಾರರನ್ನಾಗಿಸಿತು. ಕರ್ನಾಟಕ ತನ್ನ ಡಬಲ್ಸ್ ಆಟಗಾರ್ತಿಗೆ ಶಾಲು ಹೊದಿಸಿ ಸುಮ್ಮನಾಗುವುದೇ ಅಥವಾ ಮುಂದಿನ ಜೋಡಿಗಳನ್ನು ಅವರ ಕೈಗೊಪ್ಪಿಸುವುದೇ ಎಂಬುದರ ಮೇಲೆ, 2011ರ ಕಂಚು ಒಂದು ಪರಂಪರೆಯ ಆರಂಭವಾಗುವುದೇ ಇಲ್ಲವೇ ಎಂಬುದು ನಿರ್ಧಾರವಾಗಲಿದೆ.